ಹೋಗುವಾಗ ಸಾಹುಕಾರ, ಬರುವಾಗ ಖಾಲಿ ಕುರ್ಚಿ

ಹರಟೆಗೆ ಕೂತವರು ನಾಲ್ಕು ಜನ. ಸೀನ ಪ್ರೈವೇಟ್ ಜೆಟ್ಟಿನ ಹಾರಾಟದ ಗಂಟೆಗಳನ್ನು ಮಾರುವವನು. ಗೋಪಿ ಡಿಸ್ಪ್ಯಾಚಿನವನು, ಯಾವ ವಿಮಾನ ಎಲ್ಲಿದೆ, ಯಾವ ಪೈಲಟ್ ಎಷ್ಟು ಹೊತ್ತಿನಿಂದ ಎಚ್ಚರ ಇದ್ದಾನೆ ಅನ್ನೋದೆಲ್ಲ ಅವನ ತಲೆನೋವು. ರಾಮಣ್ಣ ರಿಪೇರಿ ಎಂಜಿನಿಯರ್. ಪದ್ಮಕ್ಕ ಲೆಕ್ಕಪತ್ರ. ಚಾರ್ಟರ್ ಕಂಪನಿ, ಅಂದ್ರೆ ಇಡೀ ವಿಮಾನ ಬಾಡಿಗೆಗೆ ಕೊಡೋ ಕಂಪನಿ, ಅನ್ನೋದು ದುಡ್ಡು ಹುಟ್ಟೋ ವ್ಯಾಪಾರವೋ ಅಲ್ಲವೋ ಅನ್ನೋ ಮಾತು ಶುರುವಾಗಿದ್ದು ಸೀನನ ಒಂದು ಗುಣಾಕಾರದಿಂದ.

ಸೀನ: ಒಂದು ಸಣ್ಣ ಜೆಟ್. ಗಂಟೆಗೆ 6,000 ಡಾಲರ್. ವರ್ಷಕ್ಕೆ 800 ಗಂಟೆ ಹಾರಿದ್ರೆ 48 ಲಕ್ಷ ಡಾಲರ್! ಇದಕ್ಕಿಂತ ಒಳ್ಳೇ ವ್ಯಾಪಾರ ತೋರಿಸಿ ನೋಡೋಣ.

ಗೋಪಿ: 800 ಗಂಟೆ ಹಾರಿಸ್ತೀಯ, ಸರಿ. ಅದರಲ್ಲಿ ಗಿರಾಕಿ ಒಳಗೆ ಕೂತಿರೋದು ಎಷ್ಟು ಗಂಟೆ?

ಸೀನ: ಗಿರಾಕಿ ಇಲ್ದೆ ವಿಮಾನ ಯಾಕೋ ಹಾರುತ್ತೆ?

(ಅವನಿಗೆ ಗೊತ್ತಿಲ್ಲದ್ದಲ್ಲ. ಮಾರುವವರಿಗೆ ಮರೆವು ಸ್ವಲ್ಪ ಜಾಸ್ತಿ, ಅಷ್ಟೆ.)

ಗೋಪಿ: ಸಾಹುಕಾರನ್ನ ಒಂದೂರಲ್ಲಿ ಇಳಿಸಿದ್ವಿ. ಅವನು ಅಲ್ಲಿ ನಾಲ್ಕು ದಿನ ಇರ್ತಾನೆ. ವಿಮಾನಾನೂ ಅಲ್ಲೇ ನಿಂತ್ರೆ ನಾಲ್ಕು ದಿನ ದುಡಿಮೆ ಇಲ್ಲ. ಅದಕ್ಕೇ ಖಾಲಿ ವಾಪಸ್ ಬರುತ್ತೆ, ಇಲ್ಲಾ ಮುಂದಿನ ಗಿರಾಕಿ ಇರೋ ಕಡೆ ಖಾಲಿ ಹೋಗುತ್ತೆ. ಈ ಕಸುಬಲ್ಲಿ ಮೂರು ಹಾರಾಟಕ್ಕೆ ಒಂದು ಖಾಲಿ ಅಂದ್ರೆ ಆಶ್ಚರ್ಯ ಪಡೋರೇ ಇಲ್ಲ.

ಪದ್ಮಕ್ಕ: ತಡಿ, ಬರ್ಕೋ ಸೀನ. ಅಂಕಿಗಳು ಸುಮ್ಮನೆ ಲೆಕ್ಕಕ್ಕೆ ಇಟ್ಕೊಂಡಿದ್ದು. 800ರಲ್ಲಿ 300 ಗಂಟೆ ಖಾಲಿ. ಬಿಲ್ ಆಗೋದು 500. ಬಂದಿದ್ದು 30 ಲಕ್ಷ. ನಿನ್ನ 48ರಲ್ಲಿ 18 ಮೊದಲನೇ ಸಾಲಲ್ಲೇ ಕರಗಿತು. ಈಗ ಖರ್ಚು. ಇಂಧನ, ಎಂಜಿನ್ ನಿಧಿ, ಬಿಡಿಭಾಗ, ಲ್ಯಾಂಡಿಂಗ್ ಚಾರ್ಜು, ಎಲ್ಲಾ ಸೇರಿ ಗಂಟೆಗೆ 2,500. ಇದು ಬಿಲ್ ಆದ 500ಕ್ಕಲ್ಲ, ಹಾರಿದ 800ಕ್ಕೂ ಬೀಳುತ್ತೆ. 20 ಲಕ್ಷ ಹೋಯ್ತು. ಉಳಿದಿದ್ದು 10. ಇನ್ನು ವಿಮಾನ ಹಾರಲಿ ಬಿಡಲಿ ಕೊಡಲೇಬೇಕಾದ್ದಿದೆ: ಲೀಸು, ಪೈಲಟ್ ಸಂಬಳ, ಸಿಮ್ಯುಲೇಟರ್ ತರಬೇತಿ, ವಿಮೆ, ಹ್ಯಾಂಗರ್ ಬಾಡಿಗೆ. 16 ಲಕ್ಷ ಅನ್ನು. ವರ್ಷದ ಕೊನೆಗೆ 6 ಲಕ್ಷ ನಷ್ಟ.

ಸೀನ: ಹಾಗಾದ್ರೆ ಇನ್ನೂ ಜಾಸ್ತಿ ಹಾರಿಸೋಣ. 1,000 ಗಂಟೆ!

ಪದ್ಮಕ್ಕ: ಖಾಲಿ ಪಾಲು ಅಷ್ಟೇ ಇದ್ರೆ ಬಿಲ್ ಆಗೋದು 625. ಬಂದಿದ್ದು ಮೂವತ್ತೇಳೂವರೆ, ಹೋಗಿದ್ದು ನಲವತ್ತೊಂದು. ಆಗಲೂ ಮೂರೂವರೆ ಲಕ್ಷ ನಷ್ಟ. ಅದೇ 800 ಗಂಟೆ ಇಟ್ಕೊಂಡು ಖಾಲೀನ 300ರಿಂದ 200ಕ್ಕೆ ಇಳಿಸು ನೋಡು. 36 ಬಂತು, 36 ಹೋಯ್ತು. ಲಾಭ ಸೊನ್ನೆ, ಆದ್ರೆ ಮರ್ಯಾದೆ ಉಳೀತು.

ಸೀನ: ಖಾಲಿ ಹಾರಾಟಾನೇ ಅಗ್ಗಕ್ಕೆ ಮಾರಿದ್ರೆ? ಎಂಪ್ಟಿ ಲೆಗ್, ಗಂಟೆಗೆ 2,000. ಮುನ್ನೂರು ಗಂಟೆಗೆ ಸರಿಯಾಗಿ 6 ಲಕ್ಷ. ನಷ್ಟ ಮಾಯ!

ಗೋಪಿ: ಮುನ್ನೂರಕ್ಕೆ ಮುನ್ನೂರೂ ಮಾರಬೇಕು, ಒಂದೂ ಬಿಡದ ಹಾಗೆ. ಯಾವ ಊರಿಂದ, ಯಾವ ಊರಿಗೆ, ಯಾವ ಹೊತ್ತಿಗೆ ಅನ್ನೋದನ್ನ ತೀರ್ಮಾನ ಮಾಡಿರೋನು ಬೇರೆ ಯಾರೋ. ಅವನು ‘ನಾಳೆ ಬೇಡ, ನಾಡಿದ್ದು’ ಅಂದ್ರೆ ನೀನು ಮಾರಿದ ಖಾಲಿ ಹಾರಾಟ ಗಾಳೀಲೇ ಕರಗಿತು. ಕೊಂಡೋನು ಸೂಟ್‌ಕೇಸ್ ಹಿಡ್ಕೊಂಡು ನಿಂತಿರ್ತಾನೆ. ಅಷ್ಟಕ್ಕೂ ಅದು ಒಂದೇ ದಾರಿ ಕಣೋ, ವಾಪಸ್ ಬರೋಕೆ ಅವನು ಪೂರ್ತಿ ದುಡ್ಡು ಕೊಡಬೇಕು. ಹೀಗಾಗಿ ಬಹಳಷ್ಟು ಖಾಲಿ ಲೆಗ್ಗು ಖಾಲಿಯಾಗೇ ಹಾರ್ತವೆ.

ರಾಮಣ್ಣ: ಇನ್ನೊಂದು ಸೇರಿಸ್ಕೊಳ್ಳಿ. 25 ನಿಮಿಷ ಹಾರಿದ್ರೂ ಎಂಜಿನ್ನಿಗೆ ಒಂದು ಸ್ಟಾರ್ಟು, ಚಕ್ರಕ್ಕೆ ಒಂದು ಲ್ಯಾಂಡಿಂಗು. ಎರಡೂವರೆ ಗಂಟೆ ಹಾರಿದ್ರೂ ಅಷ್ಟೇ. ಬ್ರೇಕು, ಟೈರು, ಎಂಜಿನ್ನಲ್ಲಿ ಇಂಧನ ಉರಿಯೋ ಬಿಸಿ ಭಾಗ ಎಲ್ಲಾ ಸವೆಯೋದು ಸಲದ ಲೆಕ್ಕದಲ್ಲೂ ಹೌದು. ಗಂಟೆ ಲೆಕ್ಕದಲ್ಲಿ ಮಾರ್ತೀರ, ಸಲದ ಲೆಕ್ಕದಲ್ಲಿ ಸವೆಸ್ತೀರ.

ಸೀನ: ಅದಕ್ಕೇ ತಾನೇ ದಿನಕ್ಕೆ ಕನಿಷ್ಠ ಎರಡು ಗಂಟೆ ಬಿಲ್ ಹಾಕೋದು! ಟ್ಯಾಕ್ಸಿ ಮಾಡೋಕೆ, ಅಂದ್ರೆ ವಿಮಾನ ನೆಲದ ಮೇಲೆ ಓಡೋಕೆ, ಅಂತ 12 ನಿಮಿಷ ಬೇರೆ ಸೇರಿಸ್ತೀವಿ.

ರಾಮಣ್ಣ: ಸರಿ. ಆ 12 ನಿಮಿಷ ಬಿಲ್ಲಲ್ಲಿ ಕಂಡಾಗ ಗಿರಾಕಿ ಮುಖ ನೋಡೋಕೆ ಚೆನ್ನಾಗಿರುತ್ತೆ.

ಗೋಪಿ: ಪೈಲಟ್ ಲೆಕ್ಕ ಕೇಳು ಈಗ. ಮುಂದೆ ಇರೋದು ಎರಡು ಸೀಟು, ಆದ್ರೆ ವಾರಪೂರ್ತಿ ಕರೆದ ಕೂಡಲೇ ಹಾರಬೇಕಂದ್ರೆ ವಿಮಾನಕ್ಕೆ ನಾಲ್ಕೈದು ಪೈಲಟ್ ಬೇಕು. ಅಮೆರಿಕದ ಚಾರ್ಟರ್ ನಿಯಮ ನೋಡು: ವಿಮಾನ ಇಳಿಯೋ ಹೊತ್ತಿಗೆ ಹಿಂದಿನ 24 ಗಂಟೆ ತಿರುಗಿ ನೋಡಿದ್ರೆ 10 ಗಂಟೆ ವಿಶ್ರಾಂತಿ ಕಾಣಬೇಕು. ಅಂದ್ರೆ ಡ್ಯೂಟಿಗೆ ಸಿಗೋದು 14. ಪೈಲಟ್ ಬೆಳಿಗ್ಗೆ 6ಕ್ಕೆ ಡ್ಯೂಟಿಗೆ ಬಂದ, 7ಕ್ಕೆ ಹಾರಿದ, ಎಂಟೂವರೆಗೆ ಇಳಿಸಿದ. ಗಿರಾಕಿ ಸಂಜೆ 4ಕ್ಕೆ ಬರ್ತೀನಿ ಅಂದಿದ್ದ. ಮೀಟಿಂಗು ಎಳೀತು, ಬಂದಿದ್ದು ಪೂರಾ ಏಳಕ್ಕೆ. ದಾರಿ ಒಂದೂವರೆ ಗಂಟೆ. ರಾತ್ರಿ 8ಕ್ಕೆ ಪೈಲಟ್ ಮುಗಿದ. ಸಾಹುಕಾರ ಬಾಗಿಲಲ್ಲಿ ನಿಂತಿದಾನೆ, ವಿಮಾನ ಇದೆ, ಇಂಧನ ಇದೆ, ಹಾರೋ ಹಾಗಿಲ್ಲ!

ಪದ್ಮಕ್ಕ: ಖರ್ಚು ಅಲ್ಲಿಗೆ ಮುಗಿಯಲ್ಲ. ಇಬ್ಬರು ಪೈಲಟ್, ಒಬ್ಬ ಗಿರಾಕಿ, ಮೂರು ಜನಕ್ಕೂ ಹೋಟೆಲ್ ರೂಮು. ಅದೇ ವಿಮಾನ ಮರುದಿನ ಬೆಳಿಗ್ಗೆ 6ಕ್ಕೆ ಇನ್ನೊಬ್ಬ ಗಿರಾಕಿಗೆ ಬುಕ್ ಆಗಿರುತ್ತೆ. ಅವನಿಗೆ ಬೇರೆ ಕಂಪನಿ ವಿಮಾನ ಬಾಡಿಗೆಗೆ ತರಬೇಕು. ರಾತ್ರೋರಾತ್ರಿ ಕೇಳಿದ್ರೆ ಗಂಟೆಗೆ 9,000 ಅಂತಾರೆ. ನೀನು ಮಾರಿರೋದು 6,000ಕ್ಕೆ. ಒಂದೊಂದು ಗಂಟೆಗೂ 3,000 ಕೈಯಿಂದ.

ಸೀನ: ಜೆಟ್ ಕಾರ್ಡ್ ಅಂದ್ರೇನು ಮತ್ತೆ? ಮುಂಗಡ ಕಟ್ಟಿ ಹಾರೋ ಗಂಟೆ ಕೊಳ್ಳೋದು. ದರ ಒಂದೇ, 24 ಗಂಟೆ ಮುಂಚೆ ಹೇಳಿದ್ರೆ ವಿಮಾನ ಗ್ಯಾರಂಟಿ. ಅದಕ್ಕೇ ಜನ ಮುಂಗಡ ಕೊಡೋದು.

ಪದ್ಮಕ್ಕ: ಅದನ್ನೇ ಹೇಳ್ತಿರೋದು. ನೀನು ಮಾರ್ತಿರೋದು ಹಾರಾಟ ಅಲ್ಲ, ವಿಮೆ. ಪ್ರೀಮಿಯಂ ಮಾತ್ರ ತಗೊಳ್ಳೋದು ಮರೆತಿದೀಯ.

ಗೋಪಿ: ಹಬ್ಬದ ರಜೆ ಮುಗಿದ ಭಾನುವಾರ ಸಂಜೆ ನೋಡಬೇಕು. ಎಲ್ಲರಿಗೂ ಒಂದೇ ಹೊತ್ತಲ್ಲಿ ಒಂದೇ ದಿಕ್ಕಿಗೆ ವಾಪಸ್ ಬರಬೇಕು. ಹೋಗೋ ವಿಮಾನಗಳೆಲ್ಲ ಖಾಲಿ, ಬರೋವೆಲ್ಲ ತುಂಬಿ. ಗ್ಯಾರಂಟಿ ದುಬಾರಿಯಾಗೋದೂ ಅವತ್ತೇ, ಖಾಲಿ ಪಾಲು ಏರೋದೂ ಅವತ್ತೇ, ಹೊರಗೆ ಬಾಡಿಗೆ ವಿಮಾನ ಸಿಗದೇ ಇರೋದೂ ಅವತ್ತೇ.

ರಾಮಣ್ಣ: ವಿಂಡ್‌ಶೀಲ್ಡ್ ಬಿರುಕು ಬಿಡೋದೂ ಅವತ್ತೇ.

ಸೀನ: ಸಣ್ಣ ಬಿರುಕಿಗೆ ಹಾರಬಹುದಲ್ಲ ರಾಮಣ್ಣ?

ರಾಮಣ್ಣ: ಯಾವ್ಯಾವ ಭಾಗ ಕೆಟ್ಟಿದ್ರೆ ಹಾರಬಹುದು, ಅದನ್ನ ಎಷ್ಟು ದಿನದೊಳಗೆ ಸರಿ ಮಾಡಬೇಕು ಅಂತ ಒಂದು ಪಟ್ಟಿ ಇರುತ್ತೆ. ಓದೋ ದೀಪ ಕೆಟ್ರೆ ಹಾರಪ್ಪ. ಬಿರುಕಿಗೆ ಹಾಗಲ್ಲ. ಗಾಜು ಬರಬೇಕು, ಮೆಕ್ಯಾನಿಕ್ ಹೋಗಬೇಕು, ಹಳೇದು ಕೀಳಬೇಕು, ಹೊಸದು ಕೂರಿಸಿ ಸುತ್ತ ಸೀಲಂಟ್ ಹಚ್ಚಬೇಕು. ಸೀಲಂಟ್ ಒಣಗೋವರೆಗೂ ಕಾಯಬೇಕು. ನಿನ್ನ ಗಿರಾಕಿ ಎಷ್ಟು ದೊಡ್ಡ ಸಾಹುಕಾರ ಅನ್ನೋದು ಸೀಲಂಟಿಗೆ ಗೊತ್ತಾಗಲ್ಲ.

ಪದ್ಮಕ್ಕ: ಎಂಜಿನ್ ನಿಧೀನೂ ಸ್ವಲ್ಪ ಬಿಡಿಸಿ ಹೇಳಿ ರಾಮಣ್ಣ. ಅದನ್ನ ಮುಟ್ಟೋರೇ ಜಾಸ್ತಿ.

ರಾಮಣ್ಣ: ಇಂಥ ಜೆಟ್ಟುಗಳ ಎಷ್ಟೋ ಎಂಜಿನ್ನಿಗೆ ಸುಮಾರು 5,000 ಗಂಟೆಗೆ ಪೂರ್ತಿ ಓವರ್‌ಹಾಲ್, ಅದರರ್ಧಕ್ಕೆ ಬಿಸಿ ಭಾಗದ ತಪಾಸಣೆ. ಹಾರಿದ ಗಂಟೆಗೆ ಇಷ್ಟು ಅಂತ ಪ್ರತಿ ತಿಂಗಳು ಎಂಜಿನ್ ಯೋಜನೆಗೆ ಕಟ್ತಾ ಹೋದ್ರೆ ಆ ದಿನ ಬಂದಾಗ ಎದೆ ಒಡೆಯಲ್ಲ. ಕಟ್ಟೋದು ಬಿಟ್ರೆ ಈ ವರ್ಷ ಲಾಭ ಕಾಣುತ್ತೆ. ಲೆಕ್ಕಪುಸ್ತಕದಲ್ಲಿ ಲಾಭ, ರೆಕ್ಕೆ ಕೆಳಗೆ ಸಾಲ.

ಸೀನ: ಎಲ್ಲರೂ ಹೀಗೆ ಹೆದರಿಸಿದ್ರೆ ಹೇಗೆ? ದೊಡ್ಡ ಕಂಪನಿ ಮಾಡಿದ್ರೆ ನೂರಾರು ವಿಮಾನ, ಯಾವುದಾದ್ರೊಂದು ಗಿರಾಕಿ ಹತ್ತಿರ ಇದ್ದೇ ಇರುತ್ತೆ. ಖಾಲಿ ಕಮ್ಮಿಯಾಗುತ್ತೆ.

ಪದ್ಮಕ್ಕ: ಅಮೆರಿಕದ ವೀಲ್ಸ್ ಅಪ್ ಅನ್ನೋ ಪ್ರೈವೇಟ್ ವಿಮಾನದ ಕಂಪನಿ ನೋಡಿದ್ಯಲ್ಲ. 2013ರಲ್ಲಿ ಶುರುವಾಯ್ತು, 2021ರ ಜುಲೈಯಲ್ಲಿ ಶೇರುಪೇಟೆಗೆ ಬಂತು. 2022ರಲ್ಲಿ ವರಮಾನ 158 ಕೋಟಿ ಡಾಲರ್, ನಷ್ಟ ಐವತ್ತೈದೂವರೆ ಕೋಟಿ. ನೂರು ಡಾಲರ್ ಬಂದ್ರೆ ಮೂವತ್ತೈದು ಡಾಲರ್ ನಷ್ಟ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯೋದು ಅಂದ್ರೆ ಇದೇ. 2023ರಲ್ಲಿ ಡೆಲ್ಟಾ ಏರ್‌ಲೈನ್ಸ್ ಮತ್ತು ಜತೆಗಾರರು 50 ಕೋಟಿ ಡಾಲರ್ ತಂದು ಉಳಿಸಿದ್ರು, ಕಂಪನಿಯ 95 ಪರ್ಸೆಂಟ್ ತಗೊಂಡು.

ಗೋಪಿ: ನೂರಾರು ವಿಮಾನ ಇದ್ರೆ ಸಾಲದು ಕಣೋ ಸೀನ. ಅವೆಲ್ಲ ಒಂದೇ ಜಾತಿ ಇರಬೇಕು. ಕಿಂಗ್ ಏರ್ ವಿಮಾನ ಓಡಿಸೋನಿಗೆ ಸೈಟೇಷನ್ ಜೆಟ್ ಕೊಡೋ ಹಾಗಿಲ್ಲ, ಟೈಪ್ ರೇಟಿಂಗ್, ಅಂದ್ರೆ ಆ ಜಾತಿ ವಿಮಾನ ಓಡಿಸೋ ಪರವಾನಗಿ, ಬೇರೆ. ಒಂದೂರಲ್ಲಿ ಪೈಲಟ್ ಕೂತಿರ್ತಾನೆ, ಪಕ್ಕದಲ್ಲೇ ವಿಮಾನ ನಿಂತಿರುತ್ತೆ, ಇಬ್ಬರಿಗೂ ಪರಿಚಯ ಇಲ್ಲ.

ಸೀನ: ನೆಟ್‌ಜೆಟ್ಸ್ ಕಂಪನಿ? ಅದನ್ನ ಕೊಂಡ ವಾರೆನ್ ಬಫೆಟ್ ಏನು ದಡ್ಡರಾ?

ಪದ್ಮಕ್ಕ: 1998ರಲ್ಲಿ ಎಪ್ಪತ್ತೆರಡೂವರೆ ಕೋಟಿ ಡಾಲರಿಗೆ ಕೊಂಡ್ರು. 2009 ಒಂದೇ ವರ್ಷದಲ್ಲಿ ತೆರಿಗೆಗೆ ಮುಂಚೆ 71 ಕೋಟಿ ನಷ್ಟ. ಹೆಚ್ಚುಕಮ್ಮಿ ಕೊಂಡ ಬೆಲೆಯಷ್ಟು ಒಂದೇ ವರ್ಷದಲ್ಲಿ ಹೋಯ್ತು! ಸಾಲ 10 ಕೋಟಿಯಿಂದ 190 ಕೋಟಿ ಮುಟ್ಟಿತ್ತು. ಆದ್ರೆ ಅವರು ವಿಮಾನ ಕಮ್ಮಿ ಮಾಡಿದ್ರು, ಖರ್ಚು ಕಡಿದ್ರು, 2010ಕ್ಕೆ ಮತ್ತೆ ಲಾಭ, 20 ಕೋಟಿ ಮೇಲೆ. ಯಾಕೆ ಬದುಕಿತು ಅಂದ್ರೆ ಅಲ್ಲಿ ಗಿರಾಕಿ ವಿಮಾನದ ಪಾಲನ್ನೇ ಕೊಂಡಿರ್ತಾನೆ. ಹದಿನಾರರಲ್ಲಿ ಒಂದು ಪಾಲಿಗೆ ವರ್ಷಕ್ಕೆ 50 ಗಂಟೆ. ಬಂಡವಾಳ ಅವನದು, ವಿಮಾನದ ಬೆಲೆ ಬಿದ್ರೆ ನೋವೂ ಬಹುಪಾಲು ಅವನದು. ಹಾರಲಿ ಬಿಡಲಿ ತಿಂಗಳಿಗೊಂದು ನಿರ್ವಹಣಾ ಶುಲ್ಕ, ಹಾರಿದ್ರೆ ಗಂಟೆ ಶುಲ್ಕ ಬೇರೆ. ಮೊದಲು ಹೇಳಿದ 16 ಲಕ್ಷ ಇದೆಯಲ್ಲ, ಅದನ್ನ ತಿಂಗಳ ಶುಲ್ಕ ತೂಗುತ್ತೆ. ಜೆಟ್ ಕಾರ್ಡಲ್ಲಿ ಆ 16 ಲಕ್ಷ ಪೂರ್ತಿ ಕಂಪನಿ ತಲೆ ಮೇಲೆ.

ಗೋಪಿ: ಇನ್ನೂ ಹಗುರದ ದಾರಿ ಒಂದಿದೆ. ಬೇರೆಯವರ ವಿಮಾನ ನೋಡ್ಕೊಂಡು ಬಾಡಿಗೆಗೆ ಬಿಡೋದು. ಚಾರ್ಟರ್ ದುಡ್ಡಲ್ಲಿ ನೂರಕ್ಕೆ ಸುಮಾರು 85 ಮಾಲೀಕನಿಗೆ, 15 ಕಂಪನಿಗೆ. ಲೀಸು ಇಲ್ಲ, ಬೆಲೆ ಬೀಳೋ ಭಯ ಇಲ್ಲ.

ಸೀನ: ಸಿಕ್ತು ನೋಡು! ಅಳಿಯ ಅಲ್ಲ, ಮಗಳ ಗಂಡ. ವಿಮಾನ ಅವನದು, ವ್ಯಾಪಾರ ನಮ್ಮದು.

ಗೋಪಿ: ಹಬ್ಬದ ಭಾನುವಾರ ಅವನಿಗೂ ಅವನ ವಿಮಾನ ಬೇಕು ಅಂತಾನಲ್ಲ, ಆಗ ನೋಡ್ಕೋ.

ಪದ್ಮಕ್ಕ: ಆದ್ರೂ ಇದು ನಿಲ್ಲುತ್ತೆ, ಗ್ಯಾರಂಟಿ ಕೊಡದೇ ಇದ್ರೆ. ಲಾಭ ಸಣ್ಣದು, ನಷ್ಟಾನೂ ಸಣ್ಣದು. ಕೆಡೋದು ಎಲ್ಲಿ ಅಂದ್ರೆ ಜೆಟ್ ಕಾರ್ಡಿನ ಮುಂಗಡಾನ ವರಮಾನ ಅಂದ್ಕೊಂಡಾಗ. ಬ್ಯಾಂಕಲ್ಲಿರೋ ದುಡ್ಡು ನಿನ್ನದಲ್ಲ, ಹಾರಿಸಬೇಕಾದ ಗಂಟೆ. ಅದರಲ್ಲಿ ಈ ತಿಂಗಳ ಸಂಬಳ ಕೊಟ್ರೆ ಮುಂದಿನ ತಿಂಗಳ ಹಾರಾಟಕ್ಕೆ ಇನ್ನೊಂದು ಕಾರ್ಡು ಮಾರಬೇಕು. ಮಾರಾಟ ನಿಂತ ದಿನ ಎಲ್ಲರೂ ಒಟ್ಟಿಗೆ ಹಾರೋಕೆ ಬರ್ತಾರೆ. ಬ್ಯಾಲೆನ್ಸ್ ಶೀಟಲ್ಲಿ ಎರಡೇ ಸಾಲು ನೋಡ್ತೀನಿ ನಾನು: ಕೈಯಲ್ಲಿರೋ ನಗದು, ಗಿರಾಕಿಗಳ ಮುಂಗಡ. ಎರಡನೇದು ಮೊದಲನೇದಕ್ಕಿಂತ ದೊಡ್ಡದಿದ್ರೆ ಆ ಕಂಪನಿಯ ಕಾರ್ಡ್ ಕೊಳ್ಳಲ್ಲ.

ಸೀನ: ಹಾಗಾದ್ರೆ ಈ ದಂಧೆಯಲ್ಲಿ ಖಂಡಿತವಾಗಿ ದುಡ್ಡು ಮಾಡೋರು ಯಾರು?

ರಾಮಣ್ಣ: ಇಂಧನ ಮಾರೋನು. ಖಾಲಿ ಹಾರಿದ್ರೂ ಸಣ್ಣ ಜೆಟ್ಟು ಗಂಟೆಗೆ ಆರ್ನೂರು ಏಳ್ನೂರು ಲೀಟರ್ ಕುಡಿಯುತ್ತೆ.

ಸೀನ: ಸರಿ ಬಿಡಿ. ಕಂಪನಿ ಆಸೆ ಬಿಟ್ಟೆ, ಗಿರಾಕಿ ಆಗ್ತೀನಿ. ಗೋಪಿ, ಅಗ್ಗದ ಖಾಲಿ ಲೆಗ್ ಏನಾದ್ರೂ ಇದೆಯೇನೋ?

ಗೋಪಿ: ಇದೆ. ನಾಳೆ ಬೆಳಿಗ್ಗೆ 5:40ಕ್ಕೆ. ಏಳು ಸೀಟು, ನೀನೊಬ್ಬನೇ.

ಸೀನ: ಭೇಷ್! ವಾಪಸ್ ಬರೋಕೆ?

ರಾಮಣ್ಣ: ಬಸ್ಸು.