ನಾಗರಹೊಳೆ ಸಫಾರಿಗೆ ಹೊರಟಿದ್ದೇವೆ, ಬ್ಯಾಗಿನಲ್ಲಿ ಏನೇನು ಇರಬೇಕು?

ಉಡುಪಿಯಿಂದ ಪ್ರಶ್ನೆ:
ಡಿಸೆಂಬರ್ ಕೊನೆಗೆ ನಾಗರಹೊಳೆಗೆ ಹೋಗುವ ಅಂತ ಉಂಟು. ಕೊಡಗಿನ ಕುಟ್ಟದ ಹತ್ತಿರ ಎರಡು ರಾತ್ರಿ. ಬೆಳಿಗ್ಗೆ ಒಂದು ಸಫಾರಿ, ಸಂಜೆ ಒಂದು. ಜೊತೆಗೆ 68 ವರ್ಷದ ಅಮ್ಮ, 7 ವರ್ಷದ ಮಗಳು. ನಮಗೆಲ್ಲ ಇದೇ ಮೊದಲ ಸಲ. ಹೋಗಿ ಬಂದವರು ಹೇಳ್ತೀರಾ?

ಮಂಗಳೂರಿನಿಂದ:
ಅಕ್ಕ, ಎಲ್ಲಕ್ಕಿಂತ ಮೊದಲು ಸ್ವೆಟರ್ ತೆಗೆದಿಡಿ. ಡಿಸೆಂಬರಿನಲ್ಲೂ ಫ್ಯಾನ್ ಹಾಕಿ ಮಲಗುವವರು ನಾವು. ಘಟ್ಟದ ಮೇಲಿನ ಚಳಿ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಬೆಳಗಿನ ಜಾವ 12–15 ಡಿಗ್ರಿ ಇರುತ್ತದೆ. ಅದರ ಮೇಲೆ ತೆರೆದ ಜೀಪು ಓಡುವಾಗಿನ ಗಾಳಿ. ನನ್ನ ಮಗನನ್ನು ಮೊದಲ ಸಲ ಬರೀ ಟೀ ಶರ್ಟಿನಲ್ಲಿ ಕರೆದುಕೊಂಡು ಹೋಗಿದ್ದೆ. ಹತ್ತು ಮಾರು ದೂರದಲ್ಲಿ ಮರಿ ಜೊತೆ ಆನೆ ನಿಂತಿದ್ದರೂ ಅವನು ನನ್ನ ಮಡಿಲಿನಲ್ಲಿ ಮುಖ ಹುದುಗಿಸಿ "ರೂಮಿಗೆ ಹೋಗುವ ಅಪ್ಪ" ಅನ್ನುತ್ತಿದ್ದ. ಆ ಬೇಸರ ಇವತ್ತಿಗೂ ಹೋಗಿಲ್ಲ.

ಒಂದೇ ದಪ್ಪ ಜಾಕೆಟ್ ಬೇಡ. ಹತ್ತಿಯ ತುಂಬು ತೋಳಿನ ಅಂಗಿ, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್ ಸಾಕು. ಎಂಟೂವರೆ ಹೊತ್ತಿಗೆ ಬಿಸಿಲು ಏರಿದಾಗ ಒಂದೊಂದಾಗಿ ಕಳಚಬಹುದು. ಕಿವಿ ಮುಚ್ಚುವ ಟೊಪ್ಪಿ ಅಮ್ಮನಿಗೂ ಮಗಳಿಗೂ ಕಡ್ಡಾಯ. ಕಾಲಿಗೆ ಸಾಕ್ಸ್, ಶೂ. ಬಣ್ಣ ಮಣ್ಣಿನದ್ದೋ ಎಲೆಯದ್ದೋ ಇರಲಿ, ಬಿಳಿ ಮತ್ತು ಕಡು ಕೆಂಪು ಬೇಡ.

ಒಂದೆರಡು ಬೈರಾಸು (ತೆಳು ಟವೆಲ್) ಮರೆಯಬೇಡಿ. ಮುಂದಿನ ಜೀಪಿನ ಧೂಳಿಗೆ ಮೂಗಿಗೆ ಕಟ್ಟಿಕೊಳ್ಳಲಿಕ್ಕೆ, ಕ್ಯಾಮೆರಾ ಸುತ್ತಲಿಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಖರ್ಚು ಮಾಡುವುದಿದ್ದರೆ ಬೈನಾಕ್ಯುಲರಿಗೆ ಮಾಡಿ, ಅಥವಾ ಯಾರಲ್ಲಾದರೂ ಕೇಳಿ ತನ್ನಿ. 8x42 ಅಂತ ಬರೆದಿರುವುದು ಒಳ್ಳೆಯದು: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, 42 ಮಿಲಿಮೀಟರ್ ಗಾಜು ಇರುವುದರಿಂದ ಮುಂಜಾನೆಯ ಮಬ್ಬಿನಲ್ಲೂ ಕಾಣುತ್ತದೆ. ಹತ್ತು ಹನ್ನೆರಡು ಪಟ್ಟಿನದ್ದು ಜೀಪಿನಲ್ಲಿ ಕೈ ನಡುಗಿ ಪ್ರಯೋಜನಕ್ಕೆ ಬರುವುದಿಲ್ಲ. ಹುಲಿ ಸಿಗದಿದ್ದರೂ ಮರದ ತುದಿಯ ಹದ್ದು, ಕಾಟಿಯ (ಕಾಡುಕೋಣದ) ಬೆನ್ನ ಮೇಲಿನ ಹಕ್ಕಿ, ಸೀಳುನಾಯಿಯ ಪೊದೆಬಾಲ ಎಲ್ಲ ಮಗಳಿಗೆ ಸಿಗುತ್ತವೆ. ದೊಡ್ಡ ಲೆನ್ಸಿಗೆ ಪ್ರತ್ಯೇಕ ಶುಲ್ಕ ಉಂಟು. ಅಭ್ಯಾಸ ಇಲ್ಲದಿದ್ದರೆ ಅದರ ಹಿಂದೆ ಬೀಳಬೇಡಿ.

ಸೆಂಟ್, ಪರಿಮಳದ ಪೌಡರ್ ಬೇಡ. ಮಲ್ಲಿಗೆಯೂ ಬೇಡ. ಆನೆಯ ಮೂಗು ನಮ್ಮದರ ಹಾಗಲ್ಲ.

ಮಣಿಪಾಲದಿಂದ:
ಅಮ್ಮನ ವಿಷಯಕ್ಕೆ ನಾನು ಹೇಳ್ತೇನೆ, ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆವು. ಬಸ್ ಸಫಾರಿಯಾದರೆ ಹಿಂದಿನ ಸೀಟು ಬೇಡ, ಕುಲುಕಾಟಕ್ಕೆ ಸೊಂಟ ಉಳಿಯುವುದಿಲ್ಲ. ಮಧ್ಯದಲ್ಲಿ ಕೂರಿಸಿ, ಬೆನ್ನಿಗೆ ಸಣ್ಣ ದಿಂಬು ಕೊಡಿ. ಕಾಡಿನ ಒಳಗೆ ಇಳಿಯಲು ಬಿಡುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ಶೌಚಾಲಯಕ್ಕೆ ಹೋಗಿ, ಚಹಾ ಅರ್ಧ ಲೋಟಕ್ಕೆ ನಿಲ್ಲಿಸಿ. ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ. ಸಂಪಾಜೆ ಘಾಟಿಯಲ್ಲಿ ಮಗಳಿಗೆ ವಾಂತಿಯಾಗುವುದಿದ್ದರೆ ವೈದ್ಯರಲ್ಲಿ ಕೇಳಿ ಮಾತ್ರೆ ತಂದಿಡಿ. ಸುಳ್ಯ ದಾಟಿ ತಿರುವು ಶುರುವಾದ ಮೇಲೆ ಕೊಟ್ಟರೆ ತಡವಾಗುತ್ತದೆ.

ನೀರಿಗೆ ಸ್ಟೀಲ್ ಬಾಟಲಿ. ಚಿಪ್ಸ್ ಪ್ಯಾಕೆಟ್ ರೂಮಿನಲ್ಲೇ ಬಿಡಿ, ಗಾಳಿಗೆ ಹಾರಿದ ಪ್ಲಾಸ್ಟಿಕ್ ಜಿಂಕೆಯ ಹೊಟ್ಟೆ ಸೇರುತ್ತದೆ. ಗುರುತಿನ ಚೀಟಿ, ಬುಕಿಂಗ್ ಕಾಗದ ಪ್ರಿಂಟ್ ಮಾಡಿಸಿ. ಅಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಕಾಫಿ ತೋಟದಲ್ಲಿ ತಿರುಗಿ ಬಂದರೆ ಮಗಳ ಕಾಲು, ಕಿವಿಯ ಹಿಂದೆ ಉಣ್ಣಿ ಕಚ್ಚಿದೆಯಾ ನೋಡಿ.

ಇನ್ನೊಂದು: 2025ರ ನವೆಂಬರಿನಲ್ಲಿ ಜನರ ಮೇಲೆ ಹುಲಿ ದಾಳಿಗಳಾದ ಮೇಲೆ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ರೂಮಿಗೆ ದುಡ್ಡು ಕಟ್ಟುವ ಮುಂಚೆ ಸಫಾರಿ ನಡೆಯುತ್ತದಾ ಅಂತ ಅರಣ್ಯ ಇಲಾಖೆಯಲ್ಲೇ ಕೇಳಿ.

ಉಡುಪಿಯಿಂದ:
ತುಂಬ ಉಪಕಾರ ಆಯ್ತು. ಸ್ವೆಟರ್ ನಾಳೆಯೇ ತರ್ತೇನೆ. ಮಲ್ಲಿಗೆ ಮುಡಿಯದೆ ಅಮ್ಮ ಹೊಸಿಲು ದಾಟುವವರಲ್ಲ, ಎಂಥ ಮಾಡುವುದು?

ಮಂಗಳೂರಿನಿಂದ:
ಒಂದು ಚೆಂಡು ಮಲ್ಲಿಗೆ ಬಾಳೆ ಎಲೆಯಲ್ಲಿ ಕಟ್ಟಿ ರೂಮಿನಲ್ಲಿಡಿ ಅಕ್ಕ. ಸಫಾರಿ ಮುಗಿಸಿ ಬಂದು ಮುಡಿಯಲಿ, ಆ ಚಳಿಗೆ ಬಾಡುವುದಿಲ್ಲ.