ಮೈಲೋಮಾ ಔಷಧಗಳು: ರಕ್ತರೋಗ ತಜ್ಞರೊಡನೆ ಪ್ರಶ್ನೋತ್ತರ

ಪ್ರಶ್ನೆ (ಸಾಗರ): ನಮ್ಮ ತಂದೆಯವರಿಗೆ ಮಲ್ಟಿಪಲ್ ಮೈಲೋಮಾ (ಮೂಳೆಮಜ್ಜೆಯ ಒಂದು ರಕ್ತ ಕ್ಯಾನ್ಸರ್) ಇದ್ದು, ಶಿವಮೊಗ್ಗದಲ್ಲಿ ವಾರಕ್ಕೊಮ್ಮೆ ಬೊರ್ಟೆಜೊಮಿಬ್ ಇಂಜೆಕ್ಷನ್ ಕೊಡಿಸುತ್ತಿದ್ದೇವೆ. ಜೊತೆಗೆ ಗ್ರೀನ್ ಟೀ ಕುಡಿಸಿದರೆ ಬೇಗ ಗುಣವಾಗುತ್ತದೆ ಎಂಬ ಸಂದೇಶ ಬಂದಿದೆ. ಕೊಡಬಹುದೇ?

ಉತ್ತರ: ಕೊಡಬಾರದು. ಜೀವಕೋಶವು ತನಗೆ ಬೇಡವಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನನ್ನು ಸರಪಳಿಯಂತೆ ಅಂಟಿಸುತ್ತದೆ. ಆ ಗುರುತು ಬಿದ್ದದ್ದನ್ನು ಪ್ರೋಟಿಯಾಸೋಮ್ ತುಂಡರಿಸುತ್ತದೆ. ಬೊರ್ಟೆಜೊಮಿಬ್ ತಡೆಯುವುದು ಈ ಪ್ರೋಟಿಯಾಸೋಮನ್ನೇ; ಆಗ ಬೇಡದ ಪ್ರೋಟೀನು ಒಳಗೇ ತುಂಬಿಕೊಂಡು ಕ್ಯಾನ್ಸರ್ ಕೋಶ ಸಾಯುತ್ತದೆ. ಔಷಧದ ಬೋರಾನ್ ಭಾಗಕ್ಕೆ ಗ್ರೀನ್ ಟೀಯ ಪಾಲಿಫಿನಾಲ್‌ಗಳು ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತವೆ ಎಂಬುದು 2009ರಲ್ಲೇ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ಸಂದೇಶ ಕಳುಹಿಸಿದವರು ಇಂಜೆಕ್ಷನ್ನಿನ ಹಣ ಕೊಡುವುದಿಲ್ಲ.

ಪ್ರಶ್ನೆ (ಹೊಸನಗರ): ಬೆಟ್ಟದ ನೆಲ್ಲಿಕಾಯಿಯ ರಸ ಆಗಬಹುದೇ? ಇಂಜೆಕ್ಷನ್ ಶುರುವಾದ ಮೇಲೆ ಅಮ್ಮನಿಗೆ ಅಂಗಾಲು ಜೋಮು ಹಿಡಿಯುತ್ತಿದೆ, ಅದಕ್ಕೇನು ಮಾಡಬೇಕು?

ಉತ್ತರ: ರಸ ಬೇಡ. ಸಿ ಜೀವಸತ್ವವೂ ಅದೇ ಔಷಧಕ್ಕೆ ಅಡ್ಡಬರುತ್ತದೆ. ಊಟದ ಜೊತೆಗಿನ ಒಂದು ಹೋಳು ಉಪ್ಪಿನಕಾಯಿಗೆ ನನ್ನ ತಕರಾರಿಲ್ಲ.

ಪ್ರಶ್ನೆ (ತೀರ್ಥಹಳ್ಳಿ): ಮಾವನವರಿಗೆ ಲೆನಾಲಿಡೊಮೈಡ್ ಬರೆದುಕೊಟ್ಟಿದ್ದಾರೆ. ಅವರಿಗೆ ನುಂಗಲು ಕಷ್ಟವಾದ್ದರಿಂದ ನಾನೇ ಕ್ಯಾಪ್ಸೂಲ್ ಬಿಡಿಸಿ, ಪುಡಿಯನ್ನು ಜೇನುತುಪ್ಪದಲ್ಲಿ ಬೆರಳಿನಿಂದ ಕಲಸಿ ಕೊಡುತ್ತಿದ್ದೇನೆ. ಈ ಔಷಧ ದೇಹದಲ್ಲಿ ಏನು ಮಾಡುತ್ತದೆ? ನನಗೀಗ ಎರಡು ತಿಂಗಳಾದ್ದರಿಂದ ಶಿವಮೊಗ್ಗಕ್ಕೆ ಬಂದು ಕೇಳಲು ಆಗಲಿಲ್ಲ.

ಉತ್ತರ: ತಾಯಿ, ಮೊದಲು ಕೈಗಳನ್ನು ಸಾಬೂನು ಹಚ್ಚಿ ತೊಳೆದುಕೊಳ್ಳಿ, ಇನ್ನು ಮುಂದೆ ಆ ಔಷಧವನ್ನು ಮುಟ್ಟಬೇಡಿ. ಕ್ಯಾಪ್ಸೂಲನ್ನು ಯಾರೂ ಬಿಡಿಸುವಂತಿಲ್ಲ. ಮಾವನವರಿಗೆ ನುಂಗಲಾಗದಿದ್ದರೆ ಅವರ ವೈದ್ಯರಿಗೆ ಮನೆಯ ಬೇರೆಯವರು ಇಂದೇ ತಿಳಿಸಲಿ.

ನೀವು ಕೇಳಿದ್ದಕ್ಕೇ ಬರುತ್ತೇನೆ, ಏಕೆಂದರೆ ನನ್ನ ಆತಂಕದ ಕಾರಣವೂ ಅದರಲ್ಲೇ ಇದೆ. ಯಾವ ಜೀನ್ ಯಾವಾಗ ಕೆಲಸ ಮಾಡಬೇಕೆಂದು ನಿರ್ಧರಿಸುವ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತೇವೆ. ಅವುಗಳ ಮೈಮೇಲೆ ಔಷಧ ಕೂರುವಂಥ ಕುಳಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಅವನ್ನು ನೇರವಾಗಿ ತಡೆಯುವುದು ಕಷ್ಟ. ಲೆನಾಲಿಡೊಮೈಡ್ ಬೇರೆ ದಾರಿ ಹಿಡಿಯುತ್ತದೆ: ಯುಬಿಕ್ವಿಟಿನ್ ಅಂಟಿಸುವ ವ್ಯವಸ್ಥೆಯಲ್ಲಿರುವ ಸೆರೆಬ್ಲಾನ್ ಎಂಬ ಪ್ರೋಟೀನಿನಲ್ಲಿ ಕುಳಿತು, ಅದು ಹಾಗೆ ಹಿಡಿಯದಿದ್ದ ಇಕಾರೋಸ್ ಮತ್ತು ಐಯೊಲೋಸ್ ಎಂಬ ಎರಡು ಫ್ಯಾಕ್ಟರ್‌ಗಳನ್ನು ಅದಕ್ಕೆ ಹಿಡಿಸಿಕೊಡುತ್ತದೆ. ಮೈಲೋಮಾ ಕೋಶ ಬದುಕಿರುವುದೇ ಅವುಗಳ ಬಲದಿಂದ; ಅವು ನಾಶವಾದರೆ ಅದು ಸೊರಗುತ್ತದೆ.

ಆದರೆ ಸೆರೆಬ್ಲಾನ್ ಗರ್ಭದ ಶಿಶುವಿನಲ್ಲೂ ಇದೆ. ಇದೇ ಕುಲದ ಥಾಲಿಡೊಮೈಡ್, 1957ರಿಂದ 1961ರವರೆಗೆ ಜರ್ಮನಿಯಲ್ಲಿ ಬಸುರಿಯರ ವಾಕರಿಕೆಗೂ ಬಳಕೆಯಾಗಿ, ಸಾವಿರಾರು ಶಿಶುಗಳ ಕೈಕಾಲು ಬೆಳೆಯದಂತೆ ಮಾಡಿತು. ಅಂಗಗಳ ಬೆಳವಣಿಗೆಗೆ ಬೇಕಾದ ಸಾಲ್4 ಎಂಬ ಫ್ಯಾಕ್ಟರನ್ನೂ ಈ ಔಷಧಗಳು ಇದೇ ರೀತಿ ನಾಶಕ್ಕೆ ಒಪ್ಪಿಸುತ್ತವೆಂದು 2018ರಲ್ಲಿ ತಿಳಿಯಿತು. ನಿಮ್ಮ ಮಗುವಿಗೆ ಹಾನಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಪುಡಿ ಎಷ್ಟು ಒಳಸೇರಿದೆ ಎಂಬುದನ್ನು ಇಲ್ಲಿಂದ ಅಳೆಯಲಾಗದು. ಆದ್ದರಿಂದ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ, ಔಷಧದ ಹೆಸರು ಮತ್ತು ಪ್ರಮಾಣ ಬರೆದುಕೊಂಡು ಇಂದೇ ಪ್ರಸೂತಿ ತಜ್ಞರನ್ನು ಕಾಣಿರಿ.

ಸದಸ್ಯರು (ಕೊಪ್ಪ): ಇಷ್ಟು ಭಯಂಕರ ಔಷಧ ಏಕೆ? ಅರಿಶಿನವು ಕ್ಯಾನ್ಸರ್ ತಡೆಯುವ ಪಿ53 ಎಂಬ ಪ್ರೋಟೀನನ್ನು ಹೆಚ್ಚಿಸಿ ಕ್ಯಾನ್ಸರ್ ಕೊಲ್ಲುತ್ತದೆಂದು ವಿಜ್ಞಾನವೇ ಹೇಳಿದೆ.

ಸದಸ್ಯರು (ಭದ್ರಾವತಿ): ನಾನು ಜೀವಶಾಸ್ತ್ರ ಕಲಿಸುವವನು. ಆರೋಗ್ಯವಂತ ಕೋಶದಲ್ಲಿ ಎಂಡಿಎಂ2 ಎಂಬ ಪ್ರೋಟೀನು ಪಿ53ಗೆ ಯುಬಿಕ್ವಿಟಿನ್ ಅಂಟಿಸಿ ಅದನ್ನು ಅಂಕೆಯಲ್ಲಿಡುತ್ತದೆ. ಆ ಎಂಡಿಎಂ2 ಜೀನನ್ನು ಚುರುಕುಗೊಳಿಸುವುದೂ ಪಿ53ಯೇ; ಅಂದರೆ ಪಿ53 ಏರಿದರೆ ಅದನ್ನು ಇಳಿಸುವ ಎಂಡಿಎಂ2 ಕೂಡ ಏರುತ್ತದೆ. ಗಾಜಿನ ತಟ್ಟೆಯ ಕೋಶದಲ್ಲಿ ಪಿ53 ಏರಿದ್ದನ್ನು ಹಿಡಿದುಕೊಂಡು, ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರದ ಅರಿಶಿನದ ಸತ್ವಕ್ಕೆ ಆ ಕೀರ್ತಿ ಕೊಡಬೇಡಿ.

ಸದಸ್ಯರು (ಕೊಪ್ಪ): ಮೇಷ್ಟ್ರೇ, ಪಾಠ ಶಾಲೆಯಲ್ಲಿರಲಿ. ನಮ್ಮ ಅಜ್ಜಿ ಇದನ್ನೆಲ್ಲ ಓದದೆಯೇ ತೊಂಬತ್ತು ವರ್ಷ ಬದುಕಿದರು.

ಸದಸ್ಯರು (ಭದ್ರಾವತಿ): ಅವರಿಗೆ ಮೈಲೋಮಾ ಇತ್ತೇ?

ಪ್ರಶ್ನೆ (ಸೊರಬ): ಗ್ರೀನ್ ಟೀಗೆ ಹಾಲು ಹಾಕಿ ಕೊಡಬಹುದೇ ಡಾಕ್ಟರೇ?

ಉತ್ತರ: ಮೇಲೆ ಓದಿ. ಅಜ್ಜಿಯ ವಿಷಯ ಇಬ್ಬರೂ ನಿಲ್ಲಿಸಿ. ತೀರ್ಥಹಳ್ಳಿಯವರು ಹೊರಟರೇ?

ಸದಸ್ಯೆ (ತೀರ್ಥಹಳ್ಳಿ): ಮಂಡಗದ್ದೆ ದಾಟಿದ್ದೇವೆ, ಸರ್. ಔಷಧದ ಚೀಟಿ ಯಜಮಾನರ ಜೇಬಿನಲ್ಲಿದೆ.

ಸದಸ್ಯರು (ಹೊಸನಗರ): ಅಮ್ಮನ ಅಂಗಾಲಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.