ಸ್ಟಾಕ್ ಸ್ವಿಫ್ಟ್‌ಗೆ ಮನೆಯಲ್ಲೇ ಏನು ಮಾಡಬಹುದು?

ಪ್ರಶ್ನೆ: 2018ರ ಸ್ವಿಫ್ಟ್ ವಿಎಕ್ಸ್‌ಐ ಪೆಟ್ರೋಲ್ ಇದೆ, ಕಂಪನಿ ಕೊಟ್ಟ ಹಾಗೇ ಇದೆ. ನಾಲ್ಕು ಜನ ಕೂತು ಚಾರ್ಮಾಡಿ ಘಾಟ್ ಹತ್ತುವಾಗ ಪಿಕಪ್ ಸಾಲುವುದಿಲ್ಲ. 15 ಸಾವಿರದೊಳಗೆ ನಾನೇ ಮಾಡಿಕೊಳ್ಳುವಂಥದ್ದು ಏನಿದೆ? ಏರ್ ಫಿಲ್ಟರ್, ಸೈಲೆನ್ಸರ್ ಎರಡನ್ನೂ ಬದಲಾಯಿಸೋಣ ಅಂತಿದ್ದೇನೆ. ಕೈಯಲ್ಲಿ ಪಾನಾ ಹಿಡಿದು ಅಭ್ಯಾಸ ಕಡಿಮೆ.

ಹಾಸನದಿಂದ: ಸೈಲೆನ್ಸರ್ ಬಿಡಿ ಸರ್. ಸದ್ದು ಜಾಸ್ತಿ ಆಗುತ್ತದೆ, ವೇಗ ಅಲ್ಲ. ಜೊತೆಗೆ ಪೊಲೀಸರ ದಂಡ ಬೇರೆ. ಇದು ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ 1.2 ಲೀಟರ್ ಎಂಜಿನ್, ಶಕ್ತಿ 83 ಪಿಎಸ್, ಅಂದರೆ ಹಾರ್ಸ್‌ಪವರ್ ಥರದ ಅಳತೆ. ದುಬಾರಿ ಫಿಲ್ಟರ್ ಹಾಕಿದರೂ ಒಂದೆರಡು ಪಿಎಸ್ ಹೆಚ್ಚಿದರೆ ಅದೇ ದೊಡ್ಡದು. ಬಾನೆಟ್ ಒಳಗೆ ಡಬ್ಬಿಯಿಲ್ಲದೆ ಬರೀ ಕೋನ್ ಆಕಾರದ ಫಿಲ್ಟರ್ ಸಿಕ್ಕಿಸಿದರಂತೂ ಅದು ಎಂಜಿನ್‌ನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಇದ್ದ ಪಿಕಪ್ಪೂ ಹೋಗುತ್ತದೆ. ಹೊಸ ಪೇಪರ್ ಫಿಲ್ಟರ್ ಸಾಕು. ಡಬ್ಬಿಯ ಮುಚ್ಚಳ ತೆಗೆದು ಹಾಕಿದರೆ ಮುಗಿಯಿತು.

ಆಮೇಲೆ ಸ್ಪಾರ್ಕ್ ಪ್ಲಗ್. ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಬಿಚ್ಚಿ. ಪ್ಲಗ್ ಕೂರುವ ಹೆಡ್ (ಎಂಜಿನ್‌ನ ಮೇಲ್ಭಾಗ) ಅಲ್ಯೂಮಿನಿಯಂದು, ಬಿಸಿಯಲ್ಲಿ ಬಿಚ್ಚಿದರೆ ಅದರ ತಿರುಪಿನ ಥ್ರೆಡ್ ಕಿತ್ತುಹೋಗಬಹುದು. ಪ್ಲಗ್ ಸುತ್ತ ಕೂತ ಧೂಳನ್ನು ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ನೇರ ಸಿಲಿಂಡರ್ ಒಳಗೆ ಬೀಳುತ್ತದೆ. ಹೊಸದನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಕೊನೆಗೆ ಮಾತ್ರ ಪಾನಾ, ಅದೂ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಆದರೆ ಒಳ್ಳೆಯದು. ಒಂದೊಂದೇ ಸಿಲಿಂಡರ್ ಮಾಡಿ, ವೈರು ಅದಲುಬದಲಾಗುವ ಪ್ರಶ್ನೆಯೇ ಬರುವುದಿಲ್ಲ.

ಉಡುಪಿಯಿಂದ: ನನ್ನ ಕೇಳಿದರೆ ದುಡ್ಡೆಲ್ಲ ಟಯರಿಗೆ ಹಾಕಿ. ವಿಎಕ್ಸ್‌ಐಗೆ ಬರುವುದು 165/80 ಆರ್14, ಅಂದರೆ 165 ಮಿ.ಮೀ. ಅಗಲ, ಪಕ್ಕದ ಎತ್ತರ ಅದರ 80 ಪರ್ಸೆಂಟ್, 14 ಇಂಚಿನ ರಿಮ್. ಮಳೆಗಾಲದ ಘಾಟ್ ತಿರುವಿನಲ್ಲಿ ಈ ಅಗಲ ಕಮ್ಮಿಯೇ. ಅದೇ ರಿಮ್ಮಿಗೆ 185/70 ಆರ್14 ಹಾಕಬಹುದು. ವ್ಯಾಸದಲ್ಲಿ ಒಂದು ಪರ್ಸೆಂಟೂ ವ್ಯತ್ಯಾಸ ಬರುವುದಿಲ್ಲ, ಹಾಗಾಗಿ ಮೀಟರ್ ಹೆಚ್ಚುಕಮ್ಮಿ ಸರಿಯಾಗಿಯೇ ತೋರಿಸುತ್ತದೆ. ನಾಲ್ಕೂ ಒಟ್ಟಿಗೆ ಹಾಕಿದರೆ ನಿಮ್ಮ ಬಜೆಟ್ ಮೀರಬಹುದು, ಅದು ನಿಜ. ಅಗಲ ಟಯರಿಗೆ ಮೈಲೇಜೂ ಸ್ವಲ್ಪ ಇಳಿಯುತ್ತದೆ.

ಉಡುಪಿಯಿಂದಲೇ, ಹಾಸನದವರಿಗೆ: ಪ್ರಶ್ನೆ ಹಾಕಿದವರು ಕೇಳಿದ್ದು ಹತ್ತುವ ಪಿಕಪ್, ಟಯರ್ ಅಗಲ ಮಾಡಿದರೆ ಅದು ಬರುವುದಿಲ್ಲ ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಹತ್ತಿದವರು ಇಳಿಯಲೂ ಬೇಕಲ್ವಾ?

ಮೈಸೂರಿನಿಂದ, ಗ್ಯಾರೇಜ್ ಇದೆ: ಇಳಿಯುವ ಮಾತು ಬಂತಲ್ಲ, ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು? ಅದು ಗಾಳಿಯ ತೇವ ಹೀರುತ್ತದೆ, ಕುದಿಯುವ ಮಟ್ಟ ಇಳಿಯುತ್ತದೆ. ಬ್ರೇಕ್ ಆಯಿಲ್‌ನ ದರ್ಜೆಗಳಲ್ಲಿ ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ, ಡಾಟ್ 4 ಆದರೆ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ಹಳತಾದರೆ ಘಾಟ್ ಇಳಿಯುವಾಗ ಬ್ರೇಕಿನ ಬಿಸಿಗೆ ಅದು ಕುದಿದು, ಪೆಡಲ್ ಸುಮ್ನೆ ಒಳಗೆ ಹೋಗಬಹುದು, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಆದರೆ ಇದನ್ನು ಮನೆಯಲ್ಲಿ ಮಾಡಬೇಡಿ. ಬ್ರೇಕ್ ಪೈಪಿನೊಳಗೆ ಗಾಳಿ ಉಳಿದರೆ ಕಥೆ ಮುಗಿಯಿತು.

ಬೆಂಗಳೂರಿನಿಂದ: ಯಾರಾದರೂ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಅದರ ಲಾಭ ಚೆನ್ನಾಗಿ ಕಾಣುವುದು ಟರ್ಬೊ ಗಾಡಿಗಳಲ್ಲಿ. ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯಲ್ಲಿ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಟಯರ್ ಬದಲಿಸುವ ಮೊದಲು ಇನ್ಶೂರೆನ್ಸ್‌ನವರನ್ನೂ ಕೇಳಿ.

ಮೂಡಿಗೆರೆಯಿಂದ: ಎಲ್ಲರೂ ಗಾಡಿಯನ್ನೇ ನೋಡುತ್ತಿದ್ದೀರಿ! ಈ ಎಂಜಿನ್‌ನ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, 113 ಎನ್‌ಎಂ (ನ್ಯೂಟನ್ ಮೀಟರ್) ಬರುವುದು 4,200 ಆರ್‌ಪಿಎಂಗೆ, ಅಂದರೆ ಎಂಜಿನ್ ನಿಮಿಷಕ್ಕೆ 4,200 ಸುತ್ತು ತಿರುಗುವಾಗ. ಮೂರನೇ ಗೇರಿನಲ್ಲಿ 1,800ಕ್ಕೆ ಇಳಿದು ಒದ್ದಾಡುತ್ತಿದ್ದರೆ ಯಾವ ಫಿಲ್ಟರ್ ಏನು ಮಾಡುತ್ತದೆ? ತಿರುವಿಗೆ ಮೊದಲೇ ಎರಡಕ್ಕೆ ಹಾಕಿ, ಮೂರೂವರೆ ಸಾವಿರ ದಾಟಲಿ, ಎಂಜಿನ್ ಕೂಗಿದರೆ ಹೆದರಬೇಡಿ. ಕಡಿದಾದ ಕಡೆ ಎರಡು ನಿಮಿಷ ಎಸಿ ಆಫ್ ಮಾಡಿ. ಡಿಕ್ಕಿಯಲ್ಲಿ ಬೇಡದ ಸಾಮಾನು ಇದ್ದರೆ ಇಳಿಸಿ. ಮುಂದಿನ ಸಲ ಹೀಗೆ ಹತ್ತಿ ನೋಡಿ, ಆಮೇಲೂ ಸಾಲದಿದ್ದರೆ ಫಿಲ್ಟರ್, ಪ್ಲಗ್ ತನ್ನಿ.